ಜಾರಿ ಬಿದ್ದರೆ ತಪ್ಪು ಯಾರದು? ಸಾಬೀತು ಮಾಡುವುದು ಹೇಗೆ?



ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಹಾಸುಗಲ್ಲಿಗೆ ಬರವಿಲ್ಲ. ಅತ್ತ ಚಿಂಚೋಳಿಯ ಚಂದ್ರಂಪಳ್ಳಿ ಕಡೆಗೂ ಮನೆ, ಕೊಟ್ಟಿಗೆ, ಸಂಘದ ಕೋಣೆಗಳಿಗೆ ಇದೇ ಕಲ್ಲು ಹಾಸುವುದುಂಟು. ಗಟ್ಟಿ ಕಲ್ಲು, ತೊಳೆಯಲು ಸುಲಭ. ಆದರೆ ಸವೆದು ನುಣುಪಾದ ಕಲ್ಲಿನ ಮೇಲೆ ನೀರು, ಹಾಲಿನ ಜಿಡ್ಡು ಬಿದ್ದರೆ ಕಾಲು ನಿಲ್ಲುವುದಿಲ್ಲ. ಜಾರಿದವರ ಸೊಂಟ ಮುರಿದರೆ ಹೈನದ ಆದಾಯವೂ ನಿಲ್ಲುತ್ತದೆ. ಆಗ ಪರಿಹಾರದ ಪ್ರಶ್ನೆ ಏಳುತ್ತದೆ.

"ಬಿದ್ದದ್ದೇ ಸಾಕ್ಷಿಯಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ 1966ರಲ್ಲಿ ಸುಪ್ರೀಂ ಕೋರ್ಟು ಗೋಪುರದ ಒಡೆತನವಿದ್ದ ನಗರಾಡಳಿತವನ್ನೇ ಹೊಣೆ ಮಾಡಿತು. ಸರಿಯಾಗಿ ನೋಡಿಕೊಂಡ ಗೋಪುರ ತಾನಾಗಿ ಕುಸಿಯದು. ಅಲ್ಲಿ ಘಟನೆಯೇ ಸಾಕ್ಷಿ ನುಡಿಯಿತು. ಮನುಷ್ಯ ಜಾರುವುದಕ್ಕೆ ಹಾಗಲ್ಲ, ಕಾರಣ ಹಲವು: ಸವೆದ ಚಪ್ಪಲಿ, ಅವಸರ, ತಲೆಸುತ್ತು. ಆದ್ದರಿಂದ ಪರಿಹಾರ ಕೇಳುವವರೇ ನಾಲ್ಕು ಸಂಗತಿ ತೋರಿಸಬೇಕು.

1. ಹೊಣೆ: ಆ ಜಾಗವನ್ನು ಸುರಕ್ಷಿತವಾಗಿ ಇಡುವ ಕರ್ತವ್ಯ ಎದುರಿನವರದಾಗಿತ್ತು.

2. ಲೋಪ: ಅಪಾಯ ಅವರಿಗೆ ತಿಳಿದಿತ್ತು, ಇಲ್ಲವೇ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುತ್ತಿತ್ತು, ಆದರೂ ಸರಿಪಡಿಸಲಿಲ್ಲ.

3. ಕಾರಣ: ಬಿದ್ದದ್ದು ಅದರಿಂದಲೇ.

4. ನಷ್ಟ: ಗಾಯ, ಔಷಧಿ ಖರ್ಚು, ತಪ್ಪಿದ ದುಡಿಮೆ.

ಇವುಗಳಲ್ಲಿ ಎರಡನೆಯದೇ ಕಷ್ಟದ್ದು. ಒಬ್ಬ ತಾಯಿ ಹಾಲು ಹಾಕಲು ಬಂದು ಜಾರಿದರು ಎಂದುಕೊಳ್ಳಿ. ಆಗಷ್ಟೇ ಯಾರದೋ ಪಾತ್ರೆಯಿಂದ ಹಾಲು ಚೆಲ್ಲಿದ್ದರೆ, ಒರೆಸಲು ಸಮಯವೆಲ್ಲಿತ್ತು? ತಪ್ಪು ಹೊರಿಸುವುದು ಕಷ್ಟ. ಆದರೆ ವಾರದಿಂದ ನಲ್ಲಿ ಸೋರಿ ಪಾಚಿ ಕಟ್ಟಿದ್ದರೆ, ಸದಸ್ಯರು ಮೊದಲೇ ದೂರು ಕೊಟ್ಟಿದ್ದರೆ, ಅದು ನಿರ್ಲಕ್ಷ್ಯ. ಬಿದ್ದವರ ಅಜಾಗ್ರತೆಯೂ ಸೇರಿದ್ದರೆ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ನೆಲ ತೊಳೆದರೆ ಸಾಕ್ಷಿಯೂ ತೊಳೆದು ಹೋಗುತ್ತದೆ. ಆದ್ದರಿಂದ ಅಂದೇ ಹೀಗೆ ಮಾಡಿರಿ:

* ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಿ. ಬಿದ್ದ ಸ್ಥಳ, ಸಮಯ, ರೀತಿಯನ್ನು ವೈದ್ಯರಿಗೆ ಹೇಳಿ ಬರೆಸಿ.
* ಒರೆಸುವ ಮುನ್ನ ನೆಲದ, ಚಪ್ಪಲಿಯ ಚಿತ್ರ ಮೊಬೈಲಿನಲ್ಲಿ ತೆಗೆದಿಡಿ, ಅಳಿಸಬೇಡಿ.
* ನೋಡಿದವರ ಹೆಸರು, ಊರು ಬರೆದುಕೊಳ್ಳಿ.
* ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸಹಿ, ತಾರೀಖು ಪಡೆಯಿರಿ.
* ರಸೀದಿಗಳನ್ನೂ ಹಾಲಿನ ಪಾಸ್‌ಬುಕ್ಕನ್ನೂ ಜೋಪಾನ ಮಾಡಿ. ತಪ್ಪಿದ ಆದಾಯ ತೋರಿಸಲು ಪಾಸ್‌ಬುಕ್ಕೇ ಆಧಾರ.

ಬೇರೆಯವರ ನಿರ್ಲಕ್ಷ್ಯದಿಂದ ಆಕಳು, ಎಮ್ಮೆ ಜಾರಿ ಬಿದ್ದರೂ ಕ್ರಮ ಇದೇ. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಎಲುಬು ಮುರಿದಿದೆಯೇ, ಕೀಲು ತಪ್ಪಿದೆಯೇ ಎಂದು ನಾವು ಬರೆದುಕೊಡಬಲ್ಲೆವು. ತಪ್ಪು ಯಾರದೆಂದು ಬರೆಯುವುದು ನಮ್ಮ ಕೆಲಸವಲ್ಲ. ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸದೆ ಹೂಳಬೇಡಿ.

ದಾವೆ ಹೂಡಲು ಕಾಲಮಿತಿ ಇದೆ. ಮುಂಚಿತವಾಗಿ ನೋಟಿಸು ಕೊಡಬೇಕಾದ ಸಂದರ್ಭಗಳೂ ಉಂಟು. ತಡಮಾಡದೆ ವಕೀಲರನ್ನು ಕಾಣಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಂತೆ ಕಾನೂನು ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಕೊನೆಯದಾಗಿ, ಸಂಘ ನಿಮ್ಮದೇ, ಅದರ ನೆಲವೂ ನಿಮ್ಮ ಹೊಣೆಯೇ. ನುಣುಪಾದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಸಿ. ನೀರು ಹರಿಯಲು 5 ಅಡಿಗೆ ಒಂದೂವರೆ ಅಂಗುಲ ಇಳಿಜಾರು ಕೊಡಿಸಿ. ಪ್ರತಿ ಸರದಿಯ ನಂತರ ಬಿಸಿನೀರು, ವಾಷಿಂಗ್ ಸೋಡಾದಿಂದ ಜಿಡ್ಡು ತೆಗೆದು, ತೊಳೆದ ವೇಳೆಯನ್ನು ಪುಸ್ತಕದಲ್ಲಿ ಬರೆಯಿರಿ. ಎಚ್ಚರಿಕೆ ವಹಿಸಿದ್ದಕ್ಕೆ ನಾಳೆ ಆ ಪುಸ್ತಕವೇ ಸಂಘದ ಸಾಕ್ಷಿ. ಅದಕ್ಕೂ ಮಿಗಿಲಾಗಿ, ಯಾರೂ ಬೀಳದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯವೇ ಇಲ್ಲ.