ಹಳೆಯ ದೊಡ್ಡ ಗಾಡಿ: ರಿಪೇರಿ ಮಾಡಿಸುವುದೋ, ಬದಲಾಯಿಸುವುದೋ?

ಪ್ರಶ್ನೆ: ನಮ್ಮಲ್ಲಿ 2012ರ ಡೀಸೆಲ್ ಎಸ್‌ಯುವಿ ಇದೆ. ಅಪ್ಪ, ಅಮ್ಮ, ನಾವಿಬ್ಬರು, ಮೂವರು ಮಕ್ಕಳು. ಎಲ್ಲಿಗೆ ಹೊರಟರೂ ಎಲ್ಲರೂ ಒಂದೇ ಗಾಡಿಯಲ್ಲಿ. ಇಬ್ಬರು ಮಕ್ಕಳು ಹಿಂದಿನ ಅಡ್ಡ ಸೀಟಿನಲ್ಲಿ ಎದುರುಬದುರು ಕೂರುತ್ತಾರೆ. 2.10 ಲಕ್ಷ ಕಿ.ಮೀ. ಓಡಿದೆ. ಕ್ಲಚ್, ಇಂಜೆಕ್ಟರ್, ಸಸ್ಪೆನ್ಷನ್ ಸೇರಿ 1.60 ಲಕ್ಷ ರೂಪಾಯಿ ಆಗುತ್ತದೆ ಎಂದಿದ್ದಾರೆ ಗ್ಯಾರೇಜಿನವರು. ಅಷ್ಟು ಹಣ ಹಾಕುವುದು ಸರಿಯೇ? 15 ವರ್ಷವಾದ ಮೇಲೆ ಹೇಗೂ ಗುಜರಿಗೆ ಕೊಡಬೇಕಂತಲ್ಲ?
ಓದುಗರೊಬ್ಬರು, ಕುಂದಾಪುರ

ಉತ್ತರ: ಕೊನೆಯ ಅನುಮಾನವನ್ನು ಮೊದಲು ಬಗೆಹರಿಸೋಣ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಗಾಡಿಯನ್ನು 15 ವರ್ಷಕ್ಕೆ ಗುಜರಿಗೆ ಹಾಕಲೇಬೇಕು ಎಂಬ ನಿಯಮವಿಲ್ಲ. ಆರ್‌ಟಿಒದಲ್ಲಿ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಅಷ್ಟೇ. ಹತ್ತು ವರ್ಷದ ಡೀಸೆಲ್ ಗಾಡಿಗಳ ಬಗ್ಗೆ ನೀವು ಕೇಳಿರಬಹುದಾದ ಕಟ್ಟುಪಾಡು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸೇರಿದ್ದು.

ಇನ್ನು ಹಣದ ಲೆಕ್ಕ. ಈ ರಿಪೇರಿಯಿಂದ ಗಾಡಿ ಇನ್ನು ನಾಲ್ಕು ವರ್ಷ ಓಡಿದರೂ ವರ್ಷಕ್ಕೆ ಬೀಳುವುದು 40,000 ರೂಪಾಯಿ. ಹೊಸದು 18 ಲಕ್ಷದ ಗಾಡಿ ಎಂದಿಟ್ಟುಕೊಳ್ಳಿ. 10ರಿಂದ 20 ಲಕ್ಷದವರೆಗಿನ ಗಾಡಿಗೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಶೇ. 17. ಅದೊಂದೇ ಮೂರು ಲಕ್ಷ ದಾಟುತ್ತದೆ, ಮೇಲೆ ಸೆಸ್ ಬೇರೆ. ವಿಮೆಯವರ ಸವಕಳಿ ಲೆಕ್ಕದಲ್ಲಿ ಐದನೆಯ ವರ್ಷಕ್ಕೆ ಗಾಡಿಯ ಬೆಲೆ ಅರ್ಧಕ್ಕಿಳಿಯುತ್ತದೆ. ಅಂದರೆ ವರ್ಷಕ್ಕೆ 1.80 ಲಕ್ಷ ರೂಪಾಯಿ ನಿಂತಲ್ಲೇ ಕರಗುತ್ತದೆ. ಬರೀ ದುಡ್ಡು ನೋಡುವುದಾದರೆ ರಿಪೇರಿಯೇ ಗೆಲ್ಲುತ್ತದೆ. 2 ಲಕ್ಷ ಕಿ.ಮೀ. ಓಡಿದ ಗಾಡಿಯಲ್ಲಿ ಕ್ಲಚ್, ಇಂಜೆಕ್ಟರ್, ಬುಷ್ ಸವೆಯುವುದು ಸಹಜ. ಬಿಚ್ಚಿ ಬೇರೆ ಹಾಕಿದರೆ ಆಯಿತು.

ಆದರೆ ಯಾವ ಗ್ಯಾರೇಜಿನವರೂ ಬಿಚ್ಚಿ ಬೇರೆ ಹಾಕಿಕೊಡಲಾಗದ ಎರಡು ಸಂಗತಿಗಳಿವೆ. ನಿಮ್ಮ ತೀರ್ಮಾನ ನಿಲ್ಲಬೇಕಾದದ್ದು ಅವುಗಳ ಮೇಲೆ.

ಮೊದಲನೆಯದು ಚಾಸಿ. ಸ್ಕಾರ್ಪಿಯೋ, ಬೊಲೆರೊ, ಸುಮೊ, ಹಳೆಯ ಸಫಾರಿ, ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್ ಇವೆಲ್ಲ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. 2011ರಲ್ಲಿ ಬಂದ ಎಕ್ಸ್‌ಯುವಿ500, 2021ರ ಹೊಸ ಸಫಾರಿಯಂಥವುಗಳಲ್ಲಿ ಬೇರೆ ಚಾಸಿಯಿಲ್ಲ, ಬಾಡಿಯೇ ಭಾರ ಹೊರುತ್ತದೆ. ಎರಡರಲ್ಲೂ ಶತ್ರು ಒಂದೇ, ತುಕ್ಕು. ನಿಮ್ಮದು ಕಡಲ ತೀರದ ಊರು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಚಾಸಿಯ ಸಂದಿಗಳಲ್ಲಿ ಕೂತ ಕೆಸರು. ತುಕ್ಕು ಒಳಗಿನಿಂದ ತಿನ್ನುತ್ತಾ ಬರುವಾಗ ಹೊರಗೆ ಬಣ್ಣ ಹಾಗೇ ಇರುತ್ತದೆ.

ಆದ್ದರಿಂದ ಬಾನೆಟ್ ಎತ್ತುವ ಮುಂಚೆ ಗಾಡಿಯನ್ನೇ ಎತ್ತಿಸಿ. ಹಿಂದಿನ ಆ್ಯಕ್ಸಲ್ ಮೇಲೆ ಚಾಸಿ ಬಾಗಿರುವ ಜಾಗ, ಸ್ಪ್ರಿಂಗ್ ಮತ್ತು ಸಸ್ಪೆನ್ಷನ್ ಕೂರುವ ಕಡೆಗಳು, ಬಾಡಿಯ ಬೋಲ್ಟ್ ಬಿಗಿದಿರುವ ಜಾಗಗಳು, ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಲು ಹೇಳಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ದಪ್ಪೆನ್ನುತ್ತದೆ. ಸ್ಕ್ರೂಡ್ರೈವರ್ ತುದಿ ಒಳಗಿಳಿದರಂತೂ ಕ್ಲಚ್ಚಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸಬಹುದು. ಗಾಡಿಯ ಗುರುತೇ ಆಗಿರುವ ಚಾಸಿ ನಂಬರನ್ನು ಹೊತ್ತಿರುವ ಉಕ್ಕಿಗೆ ಹಾಗೆ ಬದಲಿ ತರಲಾಗುವುದಿಲ್ಲ. ತುಕ್ಕು ಮೇಲ್ಪದರದಲ್ಲಷ್ಟೇ ಇದ್ದರೆ ಪೂರ್ತಿ ಕೆರೆಸಿ, ಆಮೇಲೆ ಅಂಡರ್‌ಕೋಟಿಂಗ್ ಹೊಡೆಸಿ. ತುಕ್ಕಿನ ಮೇಲೆಯೇ ಬಳಿದರೆ ನೀರು ಒಳಗೇ ಉಳಿದು ಇನ್ನಷ್ಟು ತಿನ್ನುತ್ತದೆ.

ಎರಡನೆಯದು ಸುರಕ್ಷತೆ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ. 2012ರ ಗಾಡಿಯಲ್ಲಿ ಇವು ಇದ್ದರೆ ಅದು ನಿಮ್ಮ ಮಾಡೆಲ್‌ನ ಪುಣ್ಯ. ಇಲ್ಲದಿದ್ದರೆ ಈಗ ಕೂರಿಸಲು ಬರುವುದಿಲ್ಲ. ಏರ್‌ಬ್ಯಾಗ್ ಎಂದರೆ ಬರೀ ಚೀಲವಲ್ಲ. ಸೆನ್ಸರ್, ಬೆಲ್ಟ್, ಬಾಡಿಯ ರಚನೆ ಎಲ್ಲವೂ ಒಟ್ಟಿಗೆ ಲೆಕ್ಕಹಾಕಿ ಮಾಡಿದ ವ್ಯವಸ್ಥೆ ಅದು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ 1.60 ಲಕ್ಷದ ಬಿಲ್ಲಲ್ಲ, ಆ ಅಡ್ಡ ಸೀಟು. ಮುಂದಿನಿಂದ ಡಿಕ್ಕಿಯಾದರೆ ಅಡ್ಡಲಾಗಿ ಕೂತ ಮಗುವಿನ ಬೆನ್ನಿಗಾಗಲಿ ತಲೆಗಾಗಲಿ ಆಸರೆಯಿಲ್ಲ. ಹಿಂದಿನಿಂದ ಗುದ್ದಿದರೆ ಮಗುವಿಗೂ ಡೋರಿಗೂ ನಡುವೆ ಗೇಣಂತರ. ನಿಮ್ಮ ಸೀಟಿಗೆ ಬೆಲ್ಟ್ ಕೂಡ ಇಲ್ಲದಿದ್ದರೆ, ದಯವಿಟ್ಟು ಇಂದಿನಿಂದಲೇ ಅಲ್ಲಿ ಮಕ್ಕಳನ್ನು ಕೂರಿಸುವುದು ನಿಲ್ಲಿಸಿ.

ಹಾಗಾಗಿ ನನ್ನ ಸಲಹೆ ಇಷ್ಟು. ಚಾಸಿ ಗಟ್ಟಿಯಿದ್ದು, ಏಳೂ ಜನ ಒಟ್ಟಿಗೆ ಹೊರಡುವುದು ವರ್ಷಕ್ಕೆ ನಾಲ್ಕೈದು ಸಲವಾದರೆ ರಿಪೇರಿ ಮಾಡಿಸಿ. ಅದನ್ನು ಐದು ಜನರ ಗಾಡಿ ಎಂದು ತಿಳಿಯಿರಿ, ಆ ನಾಲ್ಕೈದು ಸಲ ಬಾಡಿಗೆ ಗಾಡಿ ಮಾಡಿ. ವಾರವಾರವೂ ಏಳು ಜನ ಹೋಗಲೇಬೇಕೆಂದರೆ ಬದಲಾಯಿಸಿ. ಕೊಳ್ಳುವಾಗ ಮೂರನೆಯ ಸಾಲಿನ ಸೀಟು ಮುಂದಕ್ಕೆ ಮುಖ ಮಾಡಿರಲಿ, ಪ್ರತಿ ಸೀಟಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಇರಲಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ಸ್ಟಾರ್ ಕೊಡುತ್ತದೆ, ಅದನ್ನು ನೋಡಿ. ನಿಮ್ಮ ಓಡಾಟ ಹೆಚ್ಚಾಗಿ ಶಾಲೆ, ಪೇಟೆಯ ನಾಲ್ಕೈದು ಕಿ.ಮೀ. ಆಗಿದ್ದರೆ ಡೀಸೆಲ್ ಬೇಡ. ಬಿಎಸ್-6 ಡೀಸೆಲ್ ಗಾಡಿಯ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಟ್ಟುಹೋಗಲು ಹೈವೇಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಸಣ್ಣ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಗ್ಯಾರೇಜಿನವರಿಗೆ ಅಡ್ವಾನ್ಸ್ ಕೊಡುವ ಮುಂಚೆ ಗಾಡಿಯನ್ನು ಒಮ್ಮೆ ಲಿಫ್ಟಿಗೆ ಹತ್ತಿಸಿ, ನೀವೂ ಟಾರ್ಚ್ ಹಿಡಿದು ಅಡಿಯಲ್ಲಿ ನಿಂತು ನೋಡಿ. ಅರ್ಧ ಗಂಟೆಯ ಕೆಲಸ ಅದು.