ಮೂರು ತಿಂಗಳ ಇಂಜೆಕ್ಷನ್: ಗಂಡನಿಗೆ ಹೇಳಲೇಬೇಕೇ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಏಳು, ಚಿಕ್ಕವಳಿಗೆ ನಾಲ್ಕು. ಎರಡನೇ ಹೆರಿಗೆ ಸಿಸೇರಿಯನ್ ಆಯಿತು. ಮೈಯಲ್ಲಿ ರಕ್ತವೇ ಇಲ್ಲ ಎಂದು ಆಗ ಎರಡು ಬಾಟಲಿ ರಕ್ತ ಹಾಕಿದ್ದರು. ಇನ್ನು ಮಕ್ಕಳು ಸಾಕು ಎಂದು ನಮ್ಮ ಮನೆಯವರಿಗೆ ಎರಡು ಸಲ ಹೇಳಿದೆ. ‘ಒಂದು ಗಂಡಾಗಲಿ, ಆಮೇಲೆ ಆಪರೇಷನ್ ಮಾಡಿಸೋಣ’ ಎನ್ನುತ್ತಾರೆ. ನಿರೋಧ್‌ಗೆ ಒಪ್ಪುವುದಿಲ್ಲ. ನಾನು ಗುಳಿಗೆ ನುಂಗುವುದು ಗೊತ್ತಾದ ದಿನ ಎಲ್ಲವನ್ನೂ ಬಚ್ಚಲಿಗೆ ಎಸೆದರು. ಅಂದಿನಿಂದ ಆಶಾ ಅಕ್ಕನಿಗೆ ಮಾತ್ರ ಹೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಅಂತರಾ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದೇನೆ. ಒಂದೂವರೆ ವರ್ಷವಾಯಿತು. ಈಗ ಮುಟ್ಟು ಸರಿಯಾಗಿ ಆಗುವುದಿಲ್ಲ. ಒಮ್ಮೆ ಎರಡು ತಿಂಗಳು ಆಗದಿದ್ದಾಗ ಅತ್ತೆ ‘ನಿಂತಿದೆ’ ಎಂದು ಹರಕೆ ಹೊತ್ತು ಓಣಿಗೆಲ್ಲ ಹೇಳಿಬಿಟ್ಟರು. ಆಮೇಲೆ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಮಕ್ಕಳಾಗದವರನ್ನು ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ಅಲ್ಲೂ ಆಗದಿದ್ದರೆ ‘ಬೇರೆ ದಾರಿ ನೋಡಬೇಕಾಗುತ್ತೆ’ ಎಂದು ಅತ್ತೆ ಹೇಳುತ್ತಾರೆ. ನಮ್ಮ ಮನೆಯವರು ಕೆಟ್ಟವರಲ್ಲ, ಮಕ್ಕಳೆಂದರೆ ಪ್ರಾಣ. ಸಿಟ್ಟು ಬಂದಾಗ ಎರಡು ಸಲ ಕೈ ಮಾಡಿದ್ದಾರೆ ಅಷ್ಟೆ. ಅವರ ಅಕ್ಕನಿಗೂ ಇಬ್ಬರು ಹೆಣ್ಣುಮಕ್ಕಳೇ. ಅವರು ಆಪರೇಷನ್ ಮಾಡಿಸಿಕೊಂಡಿದ್ದಾರೆ, ನನ್ನನ್ನು ಕಂಡರೆ ಅಕ್ಕರೆ. ನಾನು ಗಂಡನಿಗೆ ಮೋಸ ಮಾಡುತ್ತಿದ್ದೇನೆಯೇ? ಎಲ್ಲ ಹೇಳಿಬಿಡಲೇ?
— ಹೆಸರು, ಊರು ಬೇಡ

ಉತ್ತರ: ತಂಗಿ, ಈ ಪುಟ ಯಾರ ಕೈಗೆ ಬಿದ್ದರೂ ನೀವೇ ಬರೆದದ್ದೆಂದು ಗೊತ್ತಾಗದ ಹಾಗೆ ಪತ್ರದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊದಲು ಮುಂದಿನ ತಿಂಗಳ ಮಾತು, ಏಕೆಂದರೆ ಅದಕ್ಕೆ ದಿನ ಗೊತ್ತಾಗಿದೆ.

ಹುಬ್ಬಳ್ಳಿಯ ಡಾಕ್ಟರಿಂದ ಮಾತ್ರ ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ. ಅವರಿಗೆ ಗೊತ್ತಿಲ್ಲದಿದ್ದರೆ ಇಲ್ಲದ ಕಾಯಿಲೆಯನ್ನು ಹುಡುಕುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ, ಅಂಡ ಬಿಡುಗಡೆಯಾಗಲು ಗುಳಿಗೆ ಎಂದು ಸಾವಿರಾರು ರೂಪಾಯಿ ಹೋಗುತ್ತದೆ, ನಿಮ್ಮ ಮೈಗೆ ಬೇಡದ ಔಷಧಿ ಸೇರುತ್ತದೆ. ನಿಮ್ಮ ಯಜಮಾನರ ವೀರ್ಯ ಪರೀಕ್ಷೆಯನ್ನೂ ಕೇಳುತ್ತಾರೆ. ದೋಷ ತನ್ನಲ್ಲಿದೆಯೇನೋ ಎಂದು ಅವರು ಒಳಗೇ ಕೊರಗುವ ಹಾಗಾಗುವುದೂ ಬೇಡ. ಒಳಗೆ ಪರೀಕ್ಷೆಗೆ ಕರೆದಾಗ ಮನೆಯವರು ಹೊರಗೇ ಇರುತ್ತಾರೆ. ಇಲ್ಲದಿದ್ದರೆ ‘ಒಬ್ಬಳೇ ಮಾತಾಡಬೇಕು’ ಎಂದು ಸಿಸ್ಟರ್‌ಗೆ ಮೊದಲೇ ಹೇಳಿಡಿ. ಡಾಕ್ಟರಿಗೆ ಹೇಳಬೇಕಾದದ್ದು ಮೂರು ಮಾತು: ಅಂತರಾ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಮಗು ಬೇಡ, ಇದನ್ನು ಮನೆಯಲ್ಲಿ ಹೇಳಬಾರದು. ರೋಗಿಯ ಗುಟ್ಟು ಕಾಯುವುದು ಡಾಕ್ಟರ ಕರ್ತವ್ಯ. 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲೇ ಅದು ಬರೆದಿದೆ. ಜೊತೆಯಲ್ಲಿ ಬಂದವರು ಗಂಡನೇ ಆದರೂ ಡಾಕ್ಟರು ಅದನ್ನು ಹೇಳುವಂತಿಲ್ಲ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಈ ವಾರವೇ ನಿಮ್ಮೂರ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈಗಲೂ ರಕ್ತ ಕಡಿಮೆಯಿದ್ದರೆ ‘ಮೊದಲು ರಕ್ತ ಏರಲಿ, ಅಲ್ಲಿಯವರೆಗೆ ಬಸಿರು ಬೇಡ’ ಎಂದು ಡಾಕ್ಟರೇ ನಿಮ್ಮ ಯಜಮಾನರ ಎದುರು ಹೇಳಬಹುದು. ಅದು ನೆಪವಲ್ಲ. ರಕ್ತಹೀನತೆಯ ಜೊತೆಗೆ ಹಳೆಯ ಸಿಸೇರಿಯನ್ ಗಾಯವಿದ್ದವರಿಗೆ ಮತ್ತೊಂದು ಹೆರಿಗೆ ಜೀವಕ್ಕೆ ಕುತ್ತಾಗಬಹುದು. ಮಕ್ಕಳೆಂದರೆ ಪ್ರಾಣ ಬಿಡುವ ಮನುಷ್ಯನ ಕಿವಿಗೆ ಈ ಮಾತು ಡಾಕ್ಟರ ಬಾಯಿಂದ ಬಿದ್ದರೆ ನಾಟುತ್ತದೆ.

ಇನ್ನು ಮೋಸದ ಪ್ರಶ್ನೆ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಬೇಡ ಎಂದು ಬಾಯಿಬಿಟ್ಟು ಹೇಳಿದಿರಿ, ಎರಡು ಸಲ. ಇಬ್ಬರಿಗೂ ಗೊತ್ತಿರುವ ಹಾಗೆ ನಿರೋಧ್ ಬಳಸೋಣ ಎಂದಿರಿ. ಗುಳಿಗೆ ಬಚ್ಚಲು ಸೇರಿದ ಮೇಲೆ ಗುಟ್ಟು ಶುರುವಾಯಿತು. ಬಾಗಿಲು ಮುಚ್ಚಿದ್ದು ನೀವಲ್ಲ. ಹೆಂಡತಿಯ ಗುಳಿಗೆ ಕಸಿದುಕೊಳ್ಳುವುದು, ಕಾಪರ್-ಟಿ ತೆಗೆಸುವುದು, ‘ಬೇರೆ ಮದುವೆ ಮಾಡಿಸುತ್ತೇವೆ’ ಎಂದು ಹೆದರಿಸುವುದು, ಮುಟ್ಟಿನ ಲೆಕ್ಕ ಇಡುವುದು, ಬಸುರಾಗುವವರೆಗೂ ಮಾತು ಬಿಡುವುದು, ಇವೆಲ್ಲ ಒಂದೇ ಜಾತಿಯವು. ಸಂತಾನದ ವಿಷಯದಲ್ಲಿ ನಡೆಯುವ ಬಲವಂತ. ಅಮೆರಿಕದ ಸಂಶೋಧಕಿ ಎಲಿಜಬೆತ್ ಮಿಲ್ಲರ್ ಮತ್ತು ಸಂಗಡಿಗರು ಸುಮಾರು 2010ರಲ್ಲಿ ಇದನ್ನು ಕ್ಲಿನಿಕ್‌ಗಳಿಗೆ ಬಂದ ಹೆಂಗಸರನ್ನು ಕೇಳಿ ಅಳೆದರು. ಆಮೇಲೆ ಉತ್ತರ ಪ್ರದೇಶದಲ್ಲಿ ನಡೆದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಎಂಟು ಜನ ಹೆಂಗಸರಲ್ಲಿ ಒಬ್ಬರು ಗಂಡನಿಂದಲೋ ಅತ್ತೆ ಮನೆಯವರಿಂದಲೋ ಇಂಥ ಬಲವಂತ ಕಂಡಿದ್ದರು. ಅತ್ತೆ ಮನೆಯವರನ್ನೂ ಸೇರಿಸಿ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಗಳಲ್ಲಿ ಬಸಿರು ಇಬ್ಬರ ನಡುವಿನ ಮಾತಾಗಿ ಉಳಿಯುವುದೇ ಅಪರೂಪ.

ನಮ್ಮ ರಾಜ್ಯದ ರೀತಿ ಇನ್ನೂ ವಿಚಿತ್ರ. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ ತೆರೆಯಲು ಆದೇಶಿಸಿತ್ತು. ಆದರೂ ಇವತ್ತಿಗೂ ಕುಟುಂಬ ಯೋಜನೆ ಎಂದರೆ ಹೆಂಗಸಿನ ಆಪರೇಷನ್ ಒಂದೇ ಎಂಬ ಹಾಗಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಅದನ್ನು ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಆ ಆಪರೇಷನ್ ಯಾವಾಗ ಎಂಬುದು ಮಾತ್ರ ಮನೆಯ ತೀರ್ಮಾನ, ‘ಒಂದು ಗಂಡಾದ ಮೇಲೆ’. ಅಲ್ಲಿಯವರೆಗಿನ ವರ್ಷಗಳನ್ನು ಹೆಂಗಸರು ಹೇಗೋ ಕಳೆಯಬೇಕು. ನೀವು ಆ ವರ್ಷಗಳಿಗೆ ನಿಮ್ಮದೇ ದಾರಿ ಹುಡುಕಿಕೊಂಡಿರಿ. ನಾನು ಅದನ್ನು ತಪ್ಪು ಎನ್ನಲಾರೆ.

ಹೇಳಲೇ ಎಂದು ಕೇಳಿದ್ದೀರಿ. ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ, ಬೇರೆ ಬೇರೆ ಇಟ್ಟು ನೋಡೋಣ. ನಿಮಗೆ ಮೂರನೇ ಮಗು ಬೇಡ ಎಂಬುದು ಒಂದು. ಅದಕ್ಕಾಗಿ ಏನು ಮಾಡುತ್ತಿದ್ದೀರಿ ಎಂಬುದು ಇನ್ನೊಂದು. ಮೊದಲನೆಯದು ಗಂಡನಿಗೆ ಗೊತ್ತಿರಬೇಕು, ಅವರಿಗೂ ಬದುಕಿನ ಲೆಕ್ಕಾಚಾರಗಳಿರುತ್ತವೆ. ನೀವು ಅದನ್ನು ಹೇಳಿಯೂ ಆಗಿದೆ. ಎರಡನೆಯದು ನಿಮ್ಮ ಮೈಗೆ ಸಂಬಂಧಿಸಿದ್ದು. ಇಂಜೆಕ್ಷನ್ ವಿಷಯ ಎತ್ತದೆಯೇ ‘ಬೇಡ’ ಎಂಬ ಮಾತನ್ನು ಮೂರನೇ ಸಲ, ನಾಲ್ಕನೇ ಸಲ ಆಡಬಹುದು. ಇಂಜೆಕ್ಷನ್ ಒಪ್ಪಿಕೊಂಡರೆ ಮಾತ್ರ ಪ್ರಾಮಾಣಿಕಳು ಎಂದುಕೊಂಡಿದ್ದರಿಂದಲೇ ನಿಮಗೆ ಇಷ್ಟು ಕಷ್ಟವಾಗುತ್ತಿದೆ.

ಇನ್ನೊಂದು ಕಾರಣವೂ ಇದೆ. ‘ಎರಡು ಸಲ ಕೈ ಮಾಡಿದ್ದಾರೆ ಅಷ್ಟೆ’ ಎಂದು ಬರೆದಿರಿ. ಆ ‘ಅಷ್ಟೆ’ ನನಗೆ ನಿದ್ದೆಗೆಡಿಸಿತು. ಒಮ್ಮೆ ಕೈ ಎತ್ತಿದವರು ‘ಒಂದೂವರೆ ವರ್ಷದಿಂದ’ ಎಂಬ ಮಾತು ಕೇಳಿದಾಗ ಏನು ಮಾಡುತ್ತಾರೆಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಆದ್ದರಿಂದ ಒಬ್ಬರೇ ಇದ್ದಾಗ, ರಾತ್ರಿ ಹೊತ್ತು, ಜಗಳದ ನಡುವೆ, ಕುಡಿದು ಬಂದಾಗ ಇದನ್ನು ಖಂಡಿತ ಹೇಳಬೇಡಿ. ಅವರಿಗೇ ಗೊತ್ತಾಗಿಬಿಟ್ಟರೆ ಮಕ್ಕಳನ್ನು ಕರೆದುಕೊಂಡು ಯಾರ ಮನೆಗೆ ಹೋಗುತ್ತೀರಿ ಎಂಬುದನ್ನು ಇಂದೇ ಯೋಚಿಸಿಡಿ. ಆಧಾರ್, ತಾಯಿ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಒಂದೆಡೆ ಇರಲಿ.

ಗುಟ್ಟಿಗೂ ಬೆಲೆಯಿದೆ ಎಂಬುದು ನನಗೆ ಗೊತ್ತು. ಆಫ್ರಿಕಾದ ಜಾಂಬಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಗರ್ಭನಿರೋಧಕದ ಚೀಟಿಯನ್ನು ಕೆಲವು ಹೆಂಗಸರಿಗೆ ಗಂಡನ ಎದುರಿನಲ್ಲಿ, ಕೆಲವರಿಗೆ ಒಬ್ಬರೇ ಇದ್ದಾಗ ಕೊಟ್ಟರು. ಒಬ್ಬರೇ ಪಡೆದವರು ಅದನ್ನು ಹೆಚ್ಚು ಬಳಸಿದರು, ಅವರಲ್ಲಿ ಬೇಡದ ಹೆರಿಗೆಗಳೂ ಕಡಿಮೆಯಾದವು. ಆದರೆ ಮನಸ್ಸಿನ ನೆಮ್ಮದಿಯಲ್ಲಿ ಅವರು ಹಿಂದೆ ಬಿದ್ದಿದ್ದರು. ಅತ್ತೆ ಹರಕೆ ಹೊತ್ತ ದಿನ ನೀವು ಅನುಭವಿಸಿದ್ದು ಅದೇ. ಈ ಭಾರ ಇಳಿಸಿಕೊಳ್ಳಲು ಗಂಡನಿಗೇ ಹೇಳಬೇಕೆಂದಿಲ್ಲ. ಆಶಾ ಅಕ್ಕನ ಬಳಿ ಮನಸ್ಸು ಬಿಚ್ಚಿ. ಹಾಗೆಯೇ ನಿಮ್ಮ ಯಜಮಾನರ ಅಕ್ಕನನ್ನು ಭೇಟಿಯಾಗಿ. ಅವರಿಗೂ ಮೊದಲ ದಿನವೇ ಇಂಜೆಕ್ಷನ್ ಮಾತು ಬೇಡ. ‘ಅಕ್ಕಾ, ನನ್ನ ಕೈಲಿ ಇನ್ನೊಂದು ಹೆರಿಗೆ ಆಗಲ್ಲ, ನೀವು ನಿಮ್ಮ ತಮ್ಮನಿಗೆ ಹೇಳಬೇಕು’ ಎನ್ನಿ. ಎರಡು ಹೆಣ್ಣಿಗೇ ಸಾಕು ಎಂದು ಆ ಮನೆಯ ಮಗಳೇ ತೀರ್ಮಾನಿಸಿದ್ದಾರಲ್ಲ! ಅತ್ತೆಯ ಎದುರು ಸೊಸೆಯ ಮಾತು ನಡೆಯದ ಕಡೆ ಮಗಳ ಮಾತು ನಡೆಯುತ್ತದೆ.

ಇಂಜೆಕ್ಷನ್ ಬಗ್ಗೆ ನಿಮಗಿರುವ ಭಯ ಬಿಡಿ. ಅಂತರಾ 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತಿದೆ. ಮುಟ್ಟು ಏರುಪೇರಾಗುವುದು, ನಿಂತೇಹೋಗುವುದು ಅದರ ಸಹಜ ಪರಿಣಾಮ, ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಸುಳ್ಳು. ನಿಲ್ಲಿಸಿದರೆ ಕೊನೆಯ ಇಂಜೆಕ್ಷನ್ ಆದ ಏಳರಿಂದ ಹತ್ತು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬಸಿರಾಗಬಹುದು. ಮೂರು ತಿಂಗಳ ದಿನ ತಪ್ಪಿದರೆ ನಾಲ್ಕು ವಾರದೊಳಗೆ ಹಾಕಿಸಿಕೊಳ್ಳಬಹುದು, ಎರಡು ವಾರ ಮುಂಚೆಯೂ ಆಗುತ್ತದೆ. ಹುಬ್ಬಳ್ಳಿ ಪ್ರಯಾಣದ ಗಡಿಬಿಡಿಯಲ್ಲಿ ಮರೆಯಬೇಡಿ. ಅತ್ತೆ ಮುಟ್ಟಿನ ಲೆಕ್ಕ ಇಡುತ್ತಾರೆಂದು ಕಾಪರ್-ಟಿಗೆ ಬದಲಾಯಿಸುವ ಯೋಚನೆ ಬಂದಿರಬಹುದು. ಅದರಲ್ಲಿ ಮುಟ್ಟು ಪ್ರತಿ ತಿಂಗಳು ಆಗುತ್ತದೆ, ಒಮ್ಮೆ ಹಾಕಿಸಿದರೆ ಹತ್ತು ವರ್ಷ ಬಾಳುವ ಬಗೆಯೂ ಇದೆ. ಆದರೆ ರಕ್ತಸ್ರಾವ ಹೆಚ್ಚಾಗಬಹುದು. ನಿಮ್ಮ ರಕ್ತದ ಮಟ್ಟ ಏರದೆ ಅದು ಬೇಡ. ಛಾಯಾ ಗುಳಿಗೆ ಒಳ್ಳೆಯದೇ, ಆದರೆ ಗುಳಿಗೆಯ ಪಟ್ಟಿ ಮನೆಯಲ್ಲಿ ಇರಬೇಕಾಗುತ್ತದೆ, ಹಿಂದೆ ಏನಾಯಿತೆಂದು ನಿಮಗೇ ಗೊತ್ತು. ಸದ್ಯಕ್ಕೆ ಅಂತರಾ ಸರಿಯಾಗಿಯೇ ಇದೆ. ಅದರ ಕಾರ್ಡನ್ನು ಮನೆಯಲ್ಲಿಡದೆ ಆಶಾ ಅಕ್ಕನ ಬಳಿಯೋ ಆಸ್ಪತ್ರೆಯಲ್ಲೋ ಇಡಿ.

ಈ ಪುಟ ಓದುವ ಆಶಾ ಕಾರ್ಯಕರ್ತೆಯರಿಗೂ ಒಂದು ಮಾತು: ಮನೆ ಬಾಗಿಲಲ್ಲಿ ನಿಂತು ‘ಇಂಜೆಕ್ಷನ್ ಡೇಟ್ ಬಂತು’ ಎಂದು ದಯವಿಟ್ಟು ಕೂಗಬೇಡಿ. ಮಕ್ಕಳ ಲಸಿಕೆ ದಿನ ಕರೆದುಕೊಂಡು ಬಂದರೆ ಯಾರಿಗೂ ಸಂಶಯ ಬರುವುದಿಲ್ಲ.

ಇಷ್ಟರ ಮೇಲೂ ಬಸಿರಾಗಿ, ಅದು ನಿಮಗೆ ಬೇಡವಾದರೆ ಗರ್ಭಪಾತಕ್ಕೆ ನಿಮ್ಮ ಒಬ್ಬರ ಸಹಿ ಸಾಕು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ವಯಸ್ಕ ಮಹಿಳೆಯ ಒಪ್ಪಿಗೆಯನ್ನು ಮಾತ್ರ ಕೇಳುತ್ತದೆ. ಗರ್ಭನಿರೋಧಕ ವಿಫಲವಾದದ್ದು ಕಾನೂನು ಒಪ್ಪುವ ಕಾರಣ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ಪ್ರಕಾರ ನಿಮ್ಮ ಹೆಸರು ಬಯಲು ಮಾಡುವುದು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಆದರೂ ಹಲವು ಕಡೆ ಗಂಡನ ಸಹಿ ಕೇಳುತ್ತಾರೆ. ಕಾನೂನಿನಲ್ಲಿಲ್ಲದ ಇಂಥ ಷರತ್ತು ಹಾಕಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಗಂಡ ಬಲವಂತದಿಂದ ನಡೆಸಿದ ಕೂಟವನ್ನು, ಈ ಕಾಯ್ದೆಯ ಮಟ್ಟಿಗೆ, ಅತ್ಯಾಚಾರವೆಂದೇ ಪರಿಗಣಿಸಬೇಕೆಂದೂ ಅದೇ ತೀರ್ಪು ಹೇಳಿತು. ಇನ್ನು ಯಾರಾದರೂ ‘ಗಂಡೋ ಹೆಣ್ಣೋ ನೋಡಿಸೋಣ’ ಎಂದರೆ ಆ ದಾರಿ ತುಳಿಯಬೇಡಿ, 1994ರ ಕಾಯ್ದೆಯ ಪ್ರಕಾರ ಅದು ಅಪರಾಧ. ಮಗು ಗಂಡಾಗುವುದು ತಂದೆಯ ವೀರ್ಯಾಣುವಿನಿಂದ ಎಂಬುದು ನಿಮ್ಮ ಮನೆಯವರಿಗೂ ಗೊತ್ತಾಗಲಿ. ಆದರೆ ಜಗಳದಲ್ಲಿ ಅದನ್ನು ಅವರತ್ತ ಎಸೆಯಬೇಡಿ, ಅವರ ಕೈಯಲ್ಲೂ ಇಲ್ಲದ ಸಂಗತಿ ಅದು.

ಮತ್ತೊಮ್ಮೆ ಕೈ ಮಾಡಿದರೆ ಸುಮ್ಮನಿರಬೇಡಿ. 181ಕ್ಕೆ ಕರೆ ಮಾಡಿ, ಆ ಕ್ಷಣಕ್ಕೆ ಅಪಾಯವಿದ್ದರೆ 112ಕ್ಕೆ. ಮಾತಾಡಿದ ಮೇಲೆ ಫೋನಿನಲ್ಲಿ ಆ ಕರೆಯನ್ನು ಅಳಿಸಿಬಿಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚನೆ, ಕಾನೂನಿನ ನೆರವು, ಕೆಲವು ದಿನ ತಂಗಲು ಜಾಗ, ಮೂರೂ ಇವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅಡಿ ರಕ್ಷಣೆ ಕೇಳಲು ಗಂಡನ ಮನೆ ಬಿಟ್ಟು ಬರಬೇಕೆಂದೇನೂ ಇಲ್ಲ, ಅದೇ ಮನೆಯಲ್ಲಿದ್ದುಕೊಂಡೇ ಆದೇಶ ಪಡೆಯಬಹುದು.

ಹಿಮೋಗ್ಲೋಬಿನ್ ಎಷ್ಟಿತ್ತು, ಹುಬ್ಬಳ್ಳಿಯಲ್ಲಿ ಡಾಕ್ಟರು ಏನೆಂದರು ಎಂದು ಬರೆಯಿರಿ. ಆ ಪತ್ರವನ್ನು ಅಚ್ಚು ಮಾಡುವುದಿಲ್ಲ. ಉತ್ತರವನ್ನು ಮನೆ ವಿಳಾಸಕ್ಕೂ ಕಳಿಸುವುದಿಲ್ಲ. ಯಾವ ವಿಳಾಸಕ್ಕೆ ಕಳಿಸಿದರೆ ನಿಮಗೆ ತೊಂದರೆಯಾಗದೋ ಅದನ್ನು ತಿಳಿಸಿ.