ಲೋಭ ಮೊದಲು ಕದಿಯುವುದು ಬುದ್ಧಿಯನ್ನು

ಮರೀ, ನಿನಗೆ ತಲೆ ಚುರುಕು, ಸಂಬಳವೂ ಪರವಾಗಿಲ್ಲ. ಇಲ್ಲದ್ದು ತಾಳ್ಮೆ ಒಂದೇ. ಅದಕ್ಕೇ ಇವತ್ತು 'ಲೋಭ' ಅನ್ನುವ ಮಾತಿನ ಜಾತಕ ಹೇಳುತ್ತೇನೆ. ಫೋನು ಕೆಳಗಿಟ್ಟು ಕೇಳು.

ಅರಿಷಡ್ವರ್ಗದಲ್ಲಿ ಕಾಮ, ಕ್ರೋಧ ಆದ ಮೇಲೆ ಬರುವವನೇ ಇವನು. ಹುಟ್ಟಿದ್ದು ಸಂಸ್ಕೃತದ 'ಲುಭ್' ಧಾತುವಿನಿಂದ. ಪಾಣಿನಿ ಪರಂಪರೆಯ ಧಾತುಪಾಠದಲ್ಲಿ ಇದಕ್ಕೆ ಎರಡು ಅರ್ಥ: ಒಂದು ಹಪಹಪಿಸುವುದು, ಇನ್ನೊಂದು ಬುದ್ಧಿಗೆ ಮಂಕು ಕವಿಯುವುದು. ಹಪಹಪಿಗೆ ಅಲ್ಲಿ ಬಳಸಿದ ಪದ 'ಗಾರ್ಧ್ಯ'. ರಣಹದ್ದಿಗೆ 'ಗೃಧ್ರ' ಅನ್ನುವ ಹೆಸರು ಬಂದದ್ದೂ ಅದೇ ಬೇರಿನಿಂದ. ನೀನು ಕಂಡಕಂಡಿದ್ದಕ್ಕೆಲ್ಲ ಹೇಳುವ ಇಂಗ್ಲಿಷಿನ 'ಲವ್' ಇದೆಯಲ್ಲ, ಅದೂ ಈ ಲುಭ್‌ಗೆ ದೂರದ ದಾಯಾದಿ. ನಗಬೇಡ. ಬಯಸುವುದು ತಪ್ಪಲ್ಲ, ಬಯಕೆ ಬುದ್ಧಿಯ ಹೆಗಲೇರಿ ಕೂತರೆ ಕೆಟ್ಟಿತು.

ನಮ್ಮ ಕನ್ನಡದಲ್ಲಿ ಲೋಭಿ ಅಂದರೆ ಬಾಚುವವನಿಗಿಂತ ಹೆಚ್ಚಾಗಿ ಬಿಚ್ಚದವನು, ಎಂಜಲು ಕೈಯಲ್ಲಿ ಕಾಗೆ ಓಡಿಸದ ಜುಗ್ಗ. ಬಾಚುವವನಿಗೆ ಆಸೆಬುರುಕ ಅಂತ ಬೇರೆ ಹೆಸರಿದೆ. ಇಬ್ಬರ ರೋಗವೂ ಒಂದೇ: 'ಸಾಕು' ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಮದುವೆ ಊಟದಲ್ಲಿ ನಿನ್ನನ್ನು ನೋಡಿದ್ದೇನಲ್ಲ! ಎಲೆಯ ಮೇಲೆ ಎರಡು ಹೋಳಿಗೆ ಮುಟ್ಟದೆ ಬಿದ್ದಿರುತ್ತವೆ, ನಿನ್ನ ಕಣ್ಣು ಮಾತ್ರ ಮುಂದಿನ ಪಂಕ್ತಿಗೆ ಹೋದ ಬುಟ್ಟಿಯ ಮೇಲೆ. ಮಜ್ಜಿಗೆ ಬರುವ ಹೊತ್ತಿಗೆ ಹೋಳಿಗೆಗೆ ಸಾರು ಹರಿದಿರುತ್ತದೆ. ಅದನ್ನು ಎಲೆಯಲ್ಲೇ ಮುಚ್ಚಿ ಮೆಲ್ಲಗೆ ಎದ್ದು ಬಿಡುತ್ತೀಯ. ತಿಂದಿದ್ದರೆ ನಾನು ಯಾಕೆ ಮಾತಾಡುತ್ತಿದ್ದೆ?

ಶೇರುಪೇಟೆಯಲ್ಲೂ ನಿನ್ನದು ಇದೇ ಕಥೆ. ಫ್ಯೂಚರ್ಸ್, ಆಪ್ಷನ್ಸ್ ಅಂತ ಕುಣಿಯುತ್ತೀಯ. ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿದೆ: ಅದಕ್ಕೆ ಮುಂಚಿನ ಮೂರು ಹಣಕಾಸು ವರ್ಷಗಳಲ್ಲಿ ಈ ಆಟಕ್ಕೆ ಇಳಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ದುಡ್ಡು ಕಳೆದುಕೊಂಡವರು. ಅವರಲ್ಲಿ ನಿನ್ನಷ್ಟೇ ಓದಿದವರೂ ಇದ್ದಾರೆ. ಲಾಭ ಬಂದ ದಿನ 'ಇನ್ನೊಂದೇ ಸಲ' ಅನ್ನಿಸುತ್ತದೆ, ಹೋದ ದಿನ 'ಕಳೆದದ್ದನ್ನು ಎತ್ತಲೇಬೇಕು' ಅನ್ನಿಸುತ್ತದೆ. ಲುಭ್‌ನ ಎರಡನೇ ಅರ್ಥ ಕೆಲಸ ಶುರು ಮಾಡುವುದು ಆಗಲೇ.

ಹಾಗಂತ ನಿನಗೆ ಕಾವಿ ಉಡಿಸಲು ಬಂದಿಲ್ಲ. ಮನೆ ಕಟ್ಟು, ಕಾರು ತಗೋ, ಚೆನ್ನಾಗಿ ಉಣ್ಣು. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ದುಡ್ಡು ಹಾಕುವ ಮುಂಚೆ ತೀರ್ಮಾನಿಸು, ಚೀಟಿಯಲ್ಲಿ ಬರೆದಿಡು. ಆಮೇಲೆ ಯೋಚಿಸುತ್ತೇನೆ ಅಂದರೆ ಯೋಚಿಸಲು ಬುದ್ಧಿ ಸ್ಥಿಮಿತದಲ್ಲಿ ಇರಬೇಕಲ್ಲ! 'ಇವತ್ತೇ ಕೊನೇ ದಿನ ಸಾರ್' ಅಂದವನಿಗೆ 'ನಾಳೆ ಹೇಳ್ತೀನಿ' ಅನ್ನು. ನಾಳೆವರೆಗೆ ನಿಲ್ಲದ ವ್ಯಾಪಾರ ಹೋದರೆ ಹೋಗಲಿ ಬಿಡು.

ಇನ್ನೊಂದು ಮಾತು. ಸಂಬಳ ಬಂದ ದಿನ ಕಷ್ಟದಲ್ಲಿರುವವರಿಗೆ ಒಂದಿಷ್ಟು ಕೊಡುವ ರೂಢಿ ಇಟ್ಟುಕೋ. ಕೊಡುವಾಗ ಕೈ ಹಿಂದೆಮುಂದೆ ನೋಡಿದರೆ ಲೋಭ ಒಳಗೆ ಬಂದು ಕೂತಿದೆ ಅಂತ ತಿಳಿ. ಆವಾಗ ಇನ್ನೆರಡು ನೋಟು ಜಾಸ್ತಿ ಕೊಡು.